ಇಂದಿನ ಶಿಲ್ಕು ನಾಳೆಗೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೊರಗಿನವರು ಬರುವುದು ಸಾಮಾನ್ಯವಾಗಿ ಕಲ್ಲೇಶ್ವರ ದೇವಾಲಯವನ್ನು ನೋಡಲು. ಹತ್ತನೆಯ ಶತಮಾನದ ಗುಡಿ ಅದು. ದುಗ್ಗಿಮಯ್ಯ ಎಂಬಾತನ ಹೆಸರು ಹೇಳುವ ಕ್ರಿ.ಶ. 987ರ ಕನ್ನಡ ಶಾಸನ ಅಲ್ಲಿಯದು. ಶಾಸನ ಬರೆಸುತ್ತಿದ್ದವರ ವಾಡಿಕೆ ಎಲ್ಲರಿಗೂ ಗೊತ್ತಿರುವಂಥದೇ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇವನ್ನೆಲ್ಲ ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುವುದು. ಯಾವ ದಿನ ಏನಾಯಿತು ಎಂದು ಬರೆದಿಡುವ ಆ ಅಭ್ಯಾಸ ಊರಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ಕಲ್ಲಿನ ಜಾಗಕ್ಕೆ ಗೋಡೆಯ ಕ್ಯಾಲೆಂಡರ್ ಬಂದಿದೆ, ಅಷ್ಟೆ.

ಇಂಥ ಊರಿನ ಪಡಸಾಲೆಯಲ್ಲಿ ಕ್ಯಾಲೆಂಡರ್ ಮಾಡುವ ಕೆಲಸ ಒಂದೆರಡಲ್ಲ. ಹಾಲು ತಪ್ಪಿದ ದಿನಕ್ಕೆ ಒಂದು ಗೀಟು, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಒಂದು ಸುತ್ತು. ಎಮ್ಮೆಗೆ ಗಬ್ಬ ಕಟ್ಟಿದ ತಾರೀಖು, ಸೊಸೈಟಿ ಸಾಲದ ಕಂತು, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಎಲ್ಲವೂ ಅದರ ಮೇಲೆಯೇ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗುವಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿರುತ್ತದೆ. ಅದು ಟೈಂಟೇಬಲ್. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಣ್ಣನೋ ಅಕ್ಕನೋ ಬರೆದುಕೊಟ್ಟದ್ದು. ಬೆಳಿಗ್ಗೆ 4.30ರಿಂದ 6 ಗಣಿತ, 6ರಿಂದ 7 ವಿಜ್ಞಾನ, ರಾತ್ರಿ 9ರಿಂದ 11 ಸಮಾಜ.

ಕ್ಯಾಲೆಂಡರ್ ವರ್ಷವಿಡೀ ಬಾಳುತ್ತದೆ. ಟೈಂಟೇಬಲ್ ಒಂದು ವಾರ ಬಾಳಿದರೆ ಹೆಚ್ಚು. ಆರೋಗ್ಯವಂತ ಮಕ್ಕಳಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಮೂರನೆಯ ದಿನ ಮರೆತು ನಾಲ್ಕನೆಯ ದಿನ ಹೇಗೋ ಓದಿಕೊಳ್ಳುತ್ತಾರೆ. ದೀರ್ಘಕಾಲದ ಕಾಯಿಲೆ ಇರುವ ಮಗುವಿನ ಸಂಗತಿ ಬೇರೆ. ಆ ಮಗುವಿಗೆ ಗೋಡೆಯ ಮೇಲಿನ ಹಾಳೆ ದಿನವೂ ಎದುರಿಗೆ ನಿಂತು ಬೆರಳು ತೋರಿಸುವ ಸಾಕ್ಷಿಯಾಗಿಬಿಡುತ್ತದೆ. 'ನಿನ್ನೆ ಚೆನ್ನಾಗಿಯೇ ಇದ್ದೆಯಲ್ಲ, ಇವತ್ತೇನು ಬಂತು?' ಎಂಬ ಮಾತನ್ನು ಕೇಳದ ಇಂಥ ಮಗು ಇರಲಿಕ್ಕಿಲ್ಲ.

ಯಾವುದೇ ಪ್ರೌಢಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ವಿಚಿತ್ರವಾಗಿ ಚದುರಿರುತ್ತದೆ. ಎರಡು ದಿನ ಇಲ್ಲ, ನಾಲ್ಕು ದಿನ ಇದೆ, ಮತ್ತೆ ಮೂರು ದಿನ ಇಲ್ಲ. ಶಾಲೆಗೆ ಚಕ್ಕರ್ ಹೊಡೆಯುವವರ ಸಾಲು ಹೀಗಿರುವುದಿಲ್ಲ. ಇವು ಆಸ್ತಮಾ, ಬಾಲ್ಯದ ಮಧುಮೇಹ, ಮೂರ್ಛೆರೋಗ, ಅರೆತಲೆನೋವು, ಕೀಲುವಾತ ಜ್ವರ ಬಂದುಹೋದ ಹೃದಯ, ಹೀಗೆ ಒಂದಲ್ಲ ಒಂದು ಕಾಯಿಲೆಯ ಜೊತೆ ಬಾಳುತ್ತಿರುವ ಮಕ್ಕಳ ಸಾಲುಗಳಿರಬಹುದು. ಇವುಗಳಲ್ಲಿ ಹೆಚ್ಚಿನವು ಒಂದು ವಾರ ಔಷಧಿ ಕುಡಿದರೆ ಹೋಗುವಂಥವಲ್ಲ. ಅವುಗಳ ಜೊತೆಯಲ್ಲಿಯೇ ಓದಬೇಕು, ಪರೀಕ್ಷೆ ಬರೆಯಬೇಕು, ಬದುಕಬೇಕು.

ಹಾಗಾದರೆ ಅಂಥವರಿಗೆ ಯಾವ ಕಾಗದ ಒದಗೀತು? ಇದಕ್ಕೆ ಉತ್ತರ ಹುಡುಕುವ ಮೊದಲು ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಬರೆದಿಟ್ಟ ಒಂದು ಕಾಯಿಲೆಯ ಡೈರಿಯನ್ನು ನೋಡುವುದು ಒಳ್ಳೆಯದು. ಬರೆದವನ ಹೆಸರು ವಿಜ್ಞಾನದ ಪಠ್ಯಪುಸ್ತಕದಲ್ಲಿಯೇ ಇದೆ.

ಡಾರ್ವಿನ್ನನ ಜೋಡಿ ಗೆರೆಗಳು

ಬೀಗಲ್ ಹಡಗಿನಲ್ಲಿ ಸುಮಾರು ಐದು ವರ್ಷ ಪ್ರಪಂಚ ಸುತ್ತಿ 1836ರಲ್ಲಿ ಊರಿಗೆ ಮರಳಿದ ಚಾರ್ಲ್ಸ್ ಡಾರ್ವಿನ್ ಮುಂದಿನ ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದ. ಹೊಟ್ಟೆಯುಬ್ಬರ, ವಾಂತಿ, ಎದೆಬಡಿತ, ತಲೆನೋವು, ಚರ್ಮದ ಕಜ್ಜಿ, ಎಲ್ಲಕ್ಕಿಂತ ಮಿಗಿಲಾಗಿ ಸುಸ್ತು. ಮನೆಗೆ ಸ್ನೇಹಿತರು ಬಂದು ಒಂದು ಗಂಟೆ ಹರಟಿದರೆ ಆ ರಾತ್ರಿ ನಿದ್ದೆಯಿಲ್ಲ. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಉಳಿದ 40 ವರ್ಷ ಕಳೆದದ್ದು ಅಲ್ಲಿಯೇ.

1849ರಲ್ಲಿ ಮಾಲ್ವರ್ನ್ ಎಂಬಲ್ಲಿ ಡಾ. ಜೇಮ್ಸ್ ಗಲ್ಲಿ ಎಂಬ ವೈದ್ಯನ ತಣ್ಣೀರು ಚಿಕಿತ್ಸೆ ಪಡೆದು ಬಂದ ಮೇಲೆ ಡಾರ್ವಿನ್ ಒಂದು ಆರೋಗ್ಯದ ಡೈರಿಯನ್ನು ಆರಂಭಿಸಿದ. ಜುಲೈ 1ರಿಂದ ಶುರು. ದೊಡ್ಡ ಹಾಳೆಗಳಿಗೆ ಕೈಯಿಂದಲೇ ಗೆರೆ ಎಳೆದು, ದಿನಕ್ಕೆ ಒಂದು ಸಾಲು. ಹಗಲು ಹೇಗಿತ್ತು, ರಾತ್ರಿ ಹೇಗಿತ್ತು, ಎಷ್ಟು ಸಲ ಹೊಟ್ಟೆ ಕೆಟ್ಟಿತು, ಯಾವ ಚಿಕಿತ್ಸೆ ನಡೆಯಿತು ಎಂಬುದನ್ನೆಲ್ಲ ಒಂದೆರಡು ಪದಗಳಲ್ಲಿ ಬರೆದ. ಬಹಳ ಚೆನ್ನಾಗಿದ್ದ ದಿನಕ್ಕೆ ಜೋಡಿ ಗೆರೆಯ ಗುರುತು. ತಿಂಗಳ ಕೊನೆಗೆ ಜೋಡಿ ಗೆರೆಗಳು ಎಷ್ಟು ಎಂದು ಎಣಿಸುತ್ತಿದ್ದ. ಹೀಗೆ 1855ರ ಜನವರಿಯವರೆಗೆ, ಐದೂವರೆ ವರ್ಷ ಬರೆದ.

ಇಷ್ಟೆಲ್ಲ ಬರೆದದ್ದರಿಂದ ಕಾಯಿಲೆಯ ಕಾರಣ ತಿಳಿಯಿತೇ? ಇಲ್ಲ. ಹುಳುವಿನ ಕಾಲಿನ ಕೂದಲನ್ನೂ ಬಿಡದೆ ನೋಡಿದ ಆ ಕಣ್ಣುಗಳಿಗೆ ತನ್ನದೇ ದೇಹದ ಲೆಕ್ಕದಲ್ಲಿ ಯಾವ ನಿಯಮವೂ ಕಾಣಲಿಲ್ಲ. ದಕ್ಷಿಣ ಅಮೆರಿಕದಲ್ಲಿ ಕೀಟ ಕಚ್ಚಿ ಬಂದ ಚಾಗಾಸ್ ರೋಗ, ಹಾಲಿನ ಸಕ್ಕರೆ ಅರಗದಿರುವುದು, ಮನಸ್ಸಿನ ಉದ್ವೇಗ, ಆಗಾಗ ಮರುಕಳಿಸುವ ವಾಂತಿಯ ಕಾಯಿಲೆ ಎಂದು ಮುಂದಿನವರು ಬಗೆಬಗೆಯ ಊಹೆ ಮಾಡಿದ್ದಾರೆ. ಒಂದೂ ಖಚಿತವಾಗಿಲ್ಲ. ಇದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಪುಸ್ತಕದಲ್ಲಿ ಬರೆದುಕೊಂಡ ಮಾತ್ರಕ್ಕೆ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಮಗುವಿಗೆ ಹೇಳಿದರೆ ಅದು ಸುಳ್ಳು.

ಆದರೆ ಡಾರ್ವಿನ್ನನ ಬಳಿ ಇನ್ನೂ ಎರಡು ಕಾಗದದ ಏರ್ಪಾಡುಗಳಿದ್ದವು. ಒಂದು, 1838ರಿಂದ ಇಟ್ಟುಕೊಂಡಿದ್ದ ಪುಟ್ಟ ದಿನಚರಿ. ಯಾವ ಕೆಲಸಕ್ಕೆ ಎಷ್ಟು ಕಾಲ ಹಿಡಿಯಿತು, ಕಾಯಿಲೆಯಿಂದ ಎಷ್ಟು ದಿನ ಹೋಯಿತು ಎಂಬ ಲೆಕ್ಕ ಅದರಲ್ಲಿ. ಹಡಗಿನ ತಳಕ್ಕೂ ಬಂಡೆಗೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳ ಅಧ್ಯಯನಕ್ಕೆ ಎಂಟು ವರ್ಷ ಹಿಡಿಯಿತು, ಅದರಲ್ಲಿ ಸುಮಾರು ಎರಡು ವರ್ಷ ಕಾಯಿಲೆಯ ಪಾಲಾಯಿತು ಎಂದು ಅವನು ಆತ್ಮಕಥೆಯಲ್ಲಿ ಹೇಳಲು ಸಾಧ್ಯವಾದದ್ದು ಆ ದಿನಚರಿಯಿಂದ. ಎಂಟರಲ್ಲಿ ಎರಡು! ನಾಲ್ಕನೆಯ ಒಂದು ಭಾಗ. ಅದನ್ನವನು ತನ್ನ ತಪ್ಪೆಂದು ಬರೆಯಲಿಲ್ಲ. ಅಂಗಡಿಯವನು 'ತೂಕದಲ್ಲಿ ಇಷ್ಟು ಸವೆತ' ಎಂದು ಬರೆದುಕೊಳ್ಳುವಂತೆ ಬರೆದ.

ಎರಡನೆಯದು, ದೊಡ್ಡ ದೊಡ್ಡ ಕಾಗದದ ಕಡತಗಳು. ಮೂವತ್ತರಿಂದ ನಲವತ್ತರಷ್ಟು ಕಡತಗಳನ್ನು ಹೆಸರು ಚೀಟಿ ಹಚ್ಚಿದ ಕಪಾಟಿನ ಅರೆಗಳಲ್ಲಿ ಜೋಡಿಸಿಟ್ಟಿದ್ದ. ಯಾವ ಪುಸ್ತಕದಲ್ಲಿ ಏನು ಸಿಕ್ಕಿದರೂ ಒಂದು ಚೀಟಿಯಲ್ಲಿ ಬರೆದು ಆಯಾ ಕಡತಕ್ಕೆ ಹಾಕಿಬಿಡುವುದು. ಹಾಸಿಗೆ ಹಿಡಿದು ಹತ್ತು ದಿನವಾದ ಮೇಲೆ ಎದ್ದು ಕೂತರೂ 'ಎಲ್ಲಿ ನಿಲ್ಲಿಸಿದ್ದೆ?' ಎಂದು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಕಡತ ನೆನಪಿಟ್ಟುಕೊಂಡಿರುತ್ತಿತ್ತು.

ಕೆಲಸದ ಹೊತ್ತೂ ಹಾಗೆಯೇ. ಚಿಕಿತ್ಸೆಯ ಕಾಲದಲ್ಲಿ ಡಾ. ಗಲ್ಲಿ ಅವನಿಗೆ ಕೊಟ್ಟ ಅಪ್ಪಣೆ ದಿನಕ್ಕೆ ಎರಡೂವರೆ ಗಂಟೆಯ ಕೆಲಸ. ಮುಂದೆ ಚೆನ್ನಾಗಿದ್ದ ವರ್ಷಗಳಲ್ಲಿಯೂ ಬೆಳಿಗ್ಗೆ 8ರಿಂದ 9.30, ಹತ್ತೂವರೆಯಿಂದ 12, ಸಂಜೆ 4.30ರಿಂದ 5.30. ಕೂಡಿಸಿದರೆ ನಾಲ್ಕು ಗಂಟೆ. ನಡುವೆ ನಡಿಗೆ, ಮಲಗುವುದು, ಹೆಂಡತಿ ಎಮ್ಮಾ ಗಟ್ಟಿಯಾಗಿ ಓದುತ್ತಿದ್ದ ಕಾದಂಬರಿ ಕೇಳುವುದು. ಈ ನಾಲ್ಕು ಗಂಟೆಗಳಲ್ಲಿಯೇ 1859ರ ನವೆಂಬರಿನಲ್ಲಿ ಹೊರಬಂದ 'ಜೀವಸಂಕುಲಗಳ ಉಗಮ' ತಯಾರಾಯಿತು. ಅದು ಪ್ರಕಟವಾದ ದಿನವೂ ಆತ ಇದ್ದದ್ದು ಇಲ್ಕ್ಲಿ ಎಂಬ ಊರಿನ ನೀರು ಚಿಕಿತ್ಸೆಯ ಕೇಂದ್ರದಲ್ಲಿ.

ಡಾರ್ವಿನ್ ಸಿರಿವಂತ, ಮನೆಯಲ್ಲಿ ಆಳುಕಾಳುಗಳಿದ್ದರು, ಮಾರ್ಚ್ ತಿಂಗಳ ಪರೀಕ್ಷೆ ಅವನಿಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತೇ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮನೆಯವರೆಲ್ಲ ಕಣದಲ್ಲಿರುವಾಗ, ಅದೇ ದೂಳಿಗೆ ಉಬ್ಬಸ ಬಂದು ಮೂಲೆಯಲ್ಲಿ ಕೂತ ಹುಡುಗಿಗೆ ಡೌನ್ ಹಳ್ಳಿಯ ಬಂಗಲೆ ಬಹು ದೂರ. ಅವಳಿಗೆ ದಕ್ಕುವುದು ಅವನ ಹಣವಲ್ಲ, ಅವನ ಗೆರೆ ಎಳೆದ ಹಾಳೆ.

ನಾಲ್ಕೂವರೆಯ ಗಣಿತ

ಗೋಡೆಯ ಟೈಂಟೇಬಲ್ ಸೋಲುವುದು ಮಗುವಿನ ಸೋಮಾರಿತನದಿಂದ ಎಂದು ತಿಳಿಯುವ ತಂದೆತಾಯಿಗಳು ದೇಹದ ಒಳಗಿನ ಗಡಿಯಾರದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಆಸ್ತಮಾ ಇರುವ ಮಗುವಿಗೆ ಅದೇ ಹೊತ್ತು ಶತ್ರು. ಉಸಿರಿನ ನಾಳಗಳನ್ನು ಅಗಲವಾಗಿಡಲು ನೆರವಾಗುವ ಹಾರ್ಮೋನುಗಳು ರಾತ್ರಿ ಕಡಿಮೆಯಾಗಿ, ನಸುಕಿನ ನಾಲ್ಕರ ಸುಮಾರಿಗೆ ನಾಳಗಳು ಅತ್ಯಂತ ಕಿರಿದಾಗಿರುತ್ತವೆ. ರಾತ್ರಿಯೆಲ್ಲ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿ ಬೀಜಗಣಿತ ಮಾಡಿಸಿದರೆ ಫಲವೇನು? ಮೂರ್ಛೆರೋಗವಿರುವವರಿಗೆ ನಿದ್ದೆಗೇಡು ನೇರವಾಗಿಯೇ ಅಪಾಯ. ಪರೀಕ್ಷೆಯ ಹಿಂದಿನ ರಾತ್ರಿ ಎರಡರವರೆಗೆ ಓದಿ ಪರೀಕ್ಷಾ ಕೊಠಡಿಯಲ್ಲಿ ಸೆಳೆತ ಬರಿಸಿಕೊಳ್ಳುವುದಕ್ಕಿಂತ ಒಂದು ಪಾಠ ಬಿಟ್ಟು ಮಲಗುವುದು ಮೇಲು. ಅರೆತಲೆನೋವಿನವರಿಗೆ ಊಟ ತಪ್ಪಿಸುವುದು, ನಿದ್ದೆಯ ಹೊತ್ತು ಏರುಪೇರಾಗುವುದು ಇವೇ ನೋವನ್ನು ಕರೆತರುವ ದೂತರು.

ಬಾಲ್ಯದ ಮಧುಮೇಹ, ಅಂದರೆ ಒಂದನೆಯ ಮಾದರಿಯ ಮಧುಮೇಹದಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ನಾಶ ಮಾಡಿರುತ್ತದೆ. ಇನ್ಸುಲಿನ್ನನ್ನು ಹೊರಗಿನಿಂದಲೇ ಕೊಡಬೇಕು, ಜೀವನಪೂರ್ತಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ತಲೆ ಮಂಕಾಗುತ್ತದೆ. ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟಾದರೂ ಅದು ಬಳಸುವ ಶಕ್ತಿ ಶೇಕಡಾ 20ರಷ್ಟು. ಸಕ್ಕರೆ ಇಳಿದಾಗ ಮೊದಲು ತಬ್ಬಿಬ್ಬಾಗುವುದು ಅದೇ. ತರಗತಿಯಲ್ಲಿ ಆ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತ ಹುಡುಗ ಪಾಠಕ್ಕೆ ಗಮನ ಕೊಡದವನಂತೆಯೇ ಕಾಣುತ್ತಾನೆ. ಅವನಿಗೆ ಬೇಕಾದದ್ದು ಬೈಗುಳವಲ್ಲ, ಮೂರು ಚಮಚ ಸಕ್ಕರೆ.

ಹೀಗಿರುವಾಗ ಪ್ರತಿ ದಿನವೂ ಒಂದೇ ಅಳತೆಯ ದಿನ ಎಂದು ನಂಬಿ ಬರೆದ ಟೈಂಟೇಬಲ್ ಈ ಮಕ್ಕಳಿಗೆ ಹೊಂದುವುದಾದರೂ ಹೇಗೆ? ಅದು ಆಜ್ಞೆ ಮಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಪಕ್ಕದ ಕ್ಯಾಲೆಂಡರ್ ಹಾಗಲ್ಲ. ಹಾಲು ಬರದಿದ್ದರೆ ಬರಲಿಲ್ಲ ಎಂದು ಗೀಟು ಹಾಕಿಸಿಕೊಂಡು ಮುಂದಿನ ದಿನಕ್ಕೆ ಹೋಗುತ್ತದೆ.

ಶೆಟ್ಟರ ಅಂಗಡಿಯ ವಿದ್ಯೆ

ಹಳೆಯ ಕಿರಾಣಿ ಅಂಗಡಿಗಳಲ್ಲಿ ಕಿರ್ದಿ ಎಂಬ ಪುಸ್ತಕವಿರುತ್ತಿತ್ತು. ಕೆಲವು ಕಡೆ ಈಗಲೂ ಇದೆ. ಎಡಕ್ಕೆ ಜಮೆ, ಬಲಕ್ಕೆ ಖರ್ಚು. ರಾತ್ರಿ ಅಂಗಡಿ ಮುಚ್ಚುವಾಗ ಉಳಿದದ್ದು ಶಿಲ್ಕು. ಅದು ನೂರೇ ಇರಲಿ, ಹತ್ತೇ ಇರಲಿ, ಮರುದಿನದ ಪುಟದ ಮೊದಲ ಸಾಲಿಗೆ ಹೋಗುತ್ತದೆ. ಇಂದು ವ್ಯಾಪಾರ ಕಡಿಮೆಯಾಯಿತೆಂದು ಯಾವ ಶೆಟ್ಟರೂ ಪುಸ್ತಕ ಹರಿದು ಹೊಸದು ಶುರು ಮಾಡುವುದಿಲ್ಲ.

ಕಾಯಿಲೆಯ ಮಗುವಿಗೆ ಬೇಕಾದದ್ದು ಇಂಥದೊಂದು ಕಿರ್ದಿ. ಇನ್ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಎಡಪುಟ ದೇಹದ್ದು, ಬಲಪುಟ ಕೆಲಸದ್ದು. ಎಡಪುಟದಲ್ಲಿ ತಾರೀಖು, ನಿದ್ದೆ, ಔಷಧಿ, ತೊಂದರೆ ಬಂದ ಹೊತ್ತು, ಕೊನೆಗೆ ದಿನಕ್ಕೊಂದು ಗುರುತು. ಡಾರ್ವಿನ್ನನಂತೆ ಚೆನ್ನಾಗಿದ್ದರೆ ಜೋಡಿ ಗೆರೆ, ನಡುತರವಾಗಿದ್ದರೆ ಒಂದು ಗೆರೆ, ಕೆಟ್ಟದಾಗಿದ್ದರೆ ಬರಿ ಚುಕ್ಕೆ. ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಹೆಚ್ಚು ಹಿಡಿದರೆ ಕೆಟ್ಟ ದಿನಗಳಲ್ಲಿ ಅದನ್ನು ಬರೆಯಲಾಗುವುದಿಲ್ಲ, ಬರೆಯಬೇಕಾದದ್ದೇ ಕೆಟ್ಟ ದಿನಗಳನ್ನು.

ಬಲಪುಟದಲ್ಲಿ 'ಗಣಿತ' ಎಂದು ಬರೆದರೆ ಅದು ಬೆಟ್ಟ. 'ತ್ರಿಕೋನಮಿತಿ, ಮೂರು ಲೆಕ್ಕ' ಎಂದು ಬರೆದರೆ ಅರ್ಧ ಗಂಟೆಯ ಕೆಲಸ. ಮಲಗಿಕೊಂಡು ಮಾಡಬಹುದಾದ ಕೆಲಸಗಳಿಗೆ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಿಕೊಂಡರೆ ಇನ್ನೂ ಅನುಕೂಲ. ಪದ್ಯ ಬಾಯಿಪಾಠ, ವ್ಯಾಖ್ಯೆಗಳನ್ನು ಓದುವುದು, ಗೆಳತಿಯ ನೋಟ್ಸ್ ನೋಡುವುದು ಇಂಥವು. ಚಿತ್ರ ಬಿಡಿಸುವುದು, ರೇಖಾಗಣಿತದ ರಚನೆ ಮುಂತಾದವು ಜೋಡಿ ಗೆರೆಯ ದಿನಗಳಿಗೆ. ದಿನದ ಕೊನೆಗೆ ಉಳಿದದ್ದನ್ನು ಮರುದಿನದ ಪುಟದ ತಲೆಯಲ್ಲಿ 'ಶಿಲ್ಕು' ಎಂದು ಬರೆದು ಕೆಳಗೆ ಇಳಿಸುವುದು. ಒಂದೇ ಕೆಲಸ ಮೂರು ಸಲ ಶಿಲ್ಕಾದರೆ ಅದು ದೊಡ್ಡದಾಗಿದೆ ಎಂದರ್ಥ, ಇಲ್ಲವೇ ಅರ್ಥವಾಗಿಲ್ಲ ಎಂದರ್ಥ. ಎರಡಾಗಿ ಒಡೆಯಬೇಕು, ಅಥವಾ ಮೇಷ್ಟ್ರನ್ನು ಕೇಳಬೇಕು.

ಈ ಮುಂದಕ್ಕೆ ಒಯ್ಯುವ ಉಪಾಯವನ್ನು ಅಮೆರಿಕದಲ್ಲಿ ರೈಡರ್ ಕ್ಯಾರಲ್ ಎಂಬಾತ 'ಬುಲೆಟ್ ಜರ್ನಲ್' ಎಂಬ ಹೆಸರಿನಲ್ಲಿ 2013ರಲ್ಲಿ ಜನರ ಮುಂದಿಟ್ಟು ಪ್ರಸಿದ್ಧನಾದ. ಬಾಲ್ಯದಿಂದ ಗಮನ ನಿಲ್ಲದ ತೊಂದರೆಯಿದ್ದ ಆತ ತನಗಾಗಿ ಹುಡುಕಿಕೊಂಡ ದಾರಿ ಅದು. ನಮ್ಮ ಕಿರ್ದಿ ಬರೆಯುವ ಗುಮಾಸ್ತರು ಅದನ್ನು ನೋಡಿದ್ದರೆ ನಗುತ್ತಿದ್ದರೇನೋ. ಇನ್ನೊಬ್ಬಾಕೆ ಕ್ರಿಸ್ಟೀನ್ ಮಿಸರಾಂಡಿನೋ. ಲೂಪಸ್ ಎಂಬ ಕಾಯಿಲೆ ಇದ್ದ ಈಕೆ ತನ್ನ ದಿನ ಹೇಗಿರುತ್ತದೆ ಎಂದು ಗೆಳತಿಗೆ ತಿಳಿಸಲು ಹೋಟೆಲಿನ ಮೇಜಿನ ಮೇಲಿನ ಚಮಚಗಳನ್ನು ಕೈಗೆ ಕೊಟ್ಟಳಂತೆ. ಸ್ನಾನಕ್ಕೆ ಒಂದು ಚಮಚ ಹೋಯಿತು, ಬಟ್ಟೆ ತೊಡಲು ಒಂದು. ಸಂಜೆಗೆ ಎಷ್ಟು ಉಳಿಯಿತು? 2003ರಲ್ಲಿ ಆಕೆ ಬರೆದ ಈ ಪ್ರಸಂಗ ದೇಶದೇಶಗಳ ರೋಗಿಗಳ ಬಾಯಲ್ಲಿ ಗಾದೆಯಂತಾಗಿದೆ. ಇದ್ದ ಕಾಳನ್ನು ಮುಂದಿನ ಬೆಳೆಯವರೆಗೆ ಸೇರಿನಲ್ಲಿ ಅಳೆದು ಬಳಸಿದ ಬರಗಾಲದ ಮನೆಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಅಪಾಯ ಮಾತ್ರ ಇದೆ. ಜೋಡಿ ಗೆರೆಯ ದಿನ ಬಂದಾಗ ಹಿಂದಿನ ಎಲ್ಲ ಶಿಲ್ಕನ್ನೂ ಒಂದೇ ದಿನ ತೀರಿಸುವ ಆಸೆ ಹುಟ್ಟುತ್ತದೆ. ತಂದೆತಾಯಿಗಳೂ 'ಇವತ್ತು ಚೆನ್ನಾಗಿದ್ದೀಯ, ಕೂತು ಎಲ್ಲ ಮುಗಿಸಿಬಿಡು' ಎನ್ನುತ್ತಾರೆ. ಸುಸ್ತಿನ ಕಾಯಿಲೆಗಳಲ್ಲಿ ಮರುದಿನ ಇದಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ. ಎಡಪುಟದ ಗುರುತುಗಳು ಇದನ್ನು ತಾವೇ ತೋರಿಸಿಕೊಡುತ್ತವೆ: ಜೋಡಿ ಗೆರೆಯ ಬೆನ್ನಿಗೇ ಮೂರು ಚುಕ್ಕೆ. ಎರಡು ಮೂರು ತಿಂಗಳ ಪುಟಗಳಲ್ಲಿ ಇದು ಮತ್ತೆ ಮತ್ತೆ ಕಂಡರೆ ಮನೆಯವರಿಗೂ ನಂಬಿಕೆ ಬರುತ್ತದೆ.

ನೀಲಿಯಿಂದ ಇಟ್ಟಿಗೆ ಕೆಂಪಿಗೆ

ಕಾಯಿಲೆಯ ಲೆಕ್ಕವನ್ನು ಮನೆಯಲ್ಲಿಯೇ ಬರೆಯುವುದು ಹೊಸ ಸಂಗತಿಯೇನಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೆ ಬಾಲ್ಯದ ಮಧುಮೇಹವೆಂದರೆ ಸಾವಿನ ಚೀಟಿ. ಆಮೇಲೆ ಮಕ್ಕಳು ಬದುಕತೊಡಗಿದರು. ಬದುಕಿದವರಿಗೆ ಲೆಕ್ಕ ಬೇಕಾಯಿತು. ಗ್ಲೂಕೋಮೀಟರ್ ಮನೆಗೆ ಬರುವ ಮೊದಲು ಆ ಲೆಕ್ಕ ನಡೆದದ್ದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿರುವ ಬೆನೆಡಿಕ್ಟ್ ದ್ರಾವಣದಿಂದ. 5 ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯುತ್ತದೆ. ಸ್ವಲ್ಪವಿದ್ದರೆ ಹಸಿರು, ಆಮೇಲೆ ಹಳದಿ, ಕಿತ್ತಳೆ, ತುಂಬ ಇದ್ದರೆ ಇಟ್ಟಿಗೆ ಕೆಂಪು. ತಾಮ್ರದ ಲವಣವನ್ನು ಸಕ್ಕರೆ ಅಪಕರ್ಷಿಸಿ ಕ್ಯೂಪ್ರಸ್ ಆಕ್ಸೈಡ್ ಮಾಡುವುದರಿಂದ ಬರುವ ಬಣ್ಣ ಅದು. ತಾಯಂದಿರು ಒಲೆಯ ಮುಂದೆ ಕೂತು ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ ಕಾಲವದು. ಇಂದು ಯಂತ್ರ ಅಂಕಿಯನ್ನೇ ತೋರಿಸುತ್ತದೆ, ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ. ಆದರೆ ಆ ದಿನ ಮದುವೆ ಊಟವಿತ್ತು, ಕಬಡ್ಡಿ ಪಂದ್ಯವಿತ್ತು, ಜ್ವರವಿತ್ತು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅಂಕಿಯ ಪಕ್ಕದ ಒಂದು ಪದ ವೈದ್ಯರಿಗೆ ಎಷ್ಟೋ ತಿಳಿಸುತ್ತದೆ.

ಆಸ್ತಮಾದವರಿಗೆ ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನವಿದೆ. ತನ್ನ ಅತ್ಯುತ್ತಮ ಅಂಕಿಯ ಶೇಕಡಾ 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80ರ ನಡುವೆ ಹಳದಿ, 50ಕ್ಕಿಂತ ಕೆಳಗೆ ಕೆಂಪು. ಕೆಂಪಾದರೆ ಕಾಯುವಂತಿಲ್ಲ, ಆಸ್ಪತ್ರೆಯೇ. ಕೀಲುವಾತ ಜ್ವರ ಬಂದುಹೋದ ಮಕ್ಕಳಿಗೆ ಹೃದಯದ ಕವಾಟ ಇನ್ನಷ್ಟು ಕೆಡದಿರಲೆಂದು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆಯಬೇಕು. ನೋವಿಲ್ಲದ ದಿನಗಳಲ್ಲಿ ಇದು ಮರೆತೇಹೋಗುತ್ತದೆ. ಹೊಸ ಕ್ಯಾಲೆಂಡರ್ ಬಂದ ದಿನವೇ ವೈದ್ಯರು ಹೇಳಿದ ಅಂತರಕ್ಕೆ ತಕ್ಕಂತೆ ವರ್ಷದ ಎಲ್ಲ ತಾರೀಖುಗಳಿಗೂ ಸುತ್ತು ಹಾಕಿಟ್ಟರೆ ಕೊಟ್ಟೂರು ತೇರಿನ ಗಡಿಬಿಡಿಯಲ್ಲಿಯೂ ಅದು ಕಣ್ಣಿಗೆ ಬೀಳುತ್ತದೆ.

ಹಳ್ಳಿಯಿಂದ ದಾವಣಗೆರೆಗೋ ಬಳ್ಳಾರಿಗೋ ಬಸ್ಸು ಹಿಡಿದು ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ಕಾದು ಒಳಗೆ ಹೋದರೆ ಸಿಗುವುದು ಕೆಲವೇ ನಿಮಿಷ. 'ಹೇಗಿದ್ದಾನೆ?' ಎಂದರೆ 'ಒಮ್ಮೆ ಚಲೋ ಇರ್ತಾನ್ರೀ, ಒಮ್ಮೆ ಇರಂಗಿಲ್ಲ' ಎಂಬ ಉತ್ತರ ಬರುತ್ತದೆ. ಇದರಿಂದ ಯಾವ ವೈದ್ಯನಿಗೂ ಏನೂ ತಿಳಿಯುವುದಿಲ್ಲ. ಪುಸ್ತಕ ತೆರೆದು ಮೇಜಿನ ಮೇಲಿಟ್ಟರೆ ಕಳೆದ ತಿಂಗಳಲ್ಲಿ ಹನ್ನೊಂದು ಚುಕ್ಕೆ, ಅದರಲ್ಲಿ ಎಂಟು ನಸುಕಿನವು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಶಾಲೆಯಲ್ಲಿಯೂ ಅಷ್ಟೆ. ಹಾಜರಿ ಕಡಿಮೆಯಾದಾಗ ತಾರೀಖು ಸಹಿತವಾದ ದಾಖಲೆ ಮತ್ತು ವೈದ್ಯರ ಪ್ರಮಾಣಪತ್ರ ಒಟ್ಟಿಗೆ ಇದ್ದರೆ ಮುಖ್ಯೋಪಾಧ್ಯಾಯರಿಗೂ ಮೇಲಿನವರಿಗೆ ಬರೆಯಲು ಆಧಾರ ಸಿಗುತ್ತದೆ. ಕುಡಗೋಲು ಕಣ ರೋಗ, ಥಲಸ್ಸೀಮಿಯಾ, ಹಿಮೋಫೀಲಿಯಾಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿಸಲಾಗಿದೆ ಎಂಬುದನ್ನೂ ಪಾಲಕರು ತಿಳಿದಿರಬೇಕು. ಕರ್ನಾಟಕದಲ್ಲಿ 2023-24ರ ಸಾಲಿನಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಬಂತು. ಮಾರ್ಚ್ ತಿಂಗಳಲ್ಲಿ ಹಾಸಿಗೆ ಹಿಡಿದ ಮಗುವಿಗೆ ಇದೂ ಒಂದು ರೀತಿಯಲ್ಲಿ ಶಿಲ್ಕನ್ನು ಮುಂದಕ್ಕೆ ಒಯ್ಯುವ ಅವಕಾಶವೇ.

ಇಪ್ಪತ್ತೈದು ಸಂಪುಟ

ಕನ್ನಡದ ಮಕ್ಕಳಿಗೆ ಡಾರ್ವಿನ್ನನಿಗಿಂತ ಹತ್ತಿರದ ಉದಾಹರಣೆಯೂ ಇದೆ. 'ಚಿರಸ್ಮರಣೆ'ಯ ಲೇಖಕ ನಿರಂಜನರಿಗೆ 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಕಿರಿಯರಿಗಾಗಿ ಏಳು ಸಂಪುಟಗಳ ವಿಶ್ವಕೋಶ 'ಜ್ಞಾನಗಂಗೋತ್ರಿ'ಯ ಸಂಪಾದಕರು ಅವರು. ದೇಹದ ಒಂದು ಭಾಗ ಮಾತು ಕೇಳದಿದ್ದರೂ ಆ ಕೆಲಸ ಪೂರ್ತಿಯಾಯಿತು. ಆಮೇಲೆ 1980ರಿಂದ 82ರವರೆಗೆ 'ವಿಶ್ವಕಥಾಕೋಶ'ದ 25 ಸಂಪುಟಗಳು ಬಂದವು. ಪ್ರಪಂಚದ ನಾನಾ ದೇಶಗಳ ಕಥೆಗಳು, ಹಲವಾರು ಅನುವಾದಕರು. ಇಂಥ ಕೆಲಸವನ್ನು ಒಂದೇ ಉಸಿರಿನಲ್ಲಿ ಮಾಡುವುದು ಆರೋಗ್ಯವಂತರಿಂದಲೂ ಆಗದು. ಸಂಪುಟ, ದೇಶ, ಕಥೆ, ಅನುವಾದ, ಕರಡು ಎಂದು ಸಣ್ಣ ಸಣ್ಣ ತುಂಡುಗಳಾಗಿಯೇ ಅದು ಸಾಗಬೇಕು. ಅವರ ಪತ್ನಿ ಅನುಪಮಾ ನಿರಂಜನ ಸ್ವತಃ ವೈದ್ಯೆ, ಕಾದಂಬರಿಕಾರ್ತಿ. ಕ್ಯಾನ್ಸರ್ ಜೊತೆಯಲ್ಲಿಯೇ ಅವರೂ ಬರೆದರು. ಅನುಪಮಾ ತೀರಿಕೊಂಡದ್ದು 1991ರಲ್ಲಿ.

ಇಷ್ಟು ಹೇಳಿದ ಮೇಲೆ ಪುಸ್ತಕದ ಕೆಡುಕನ್ನೂ ಹೇಳಬೇಕು. ನಿನ್ನೆ ಕಡಲೆಕಾಯಿ ತಿಂದೆ, ಇಂದು ಉಬ್ಬಸ ಬಂತು, ಆದ್ದರಿಂದ ಕಡಲೆಕಾಯಿಯೇ ಕಾರಣ ಎಂದು ಒಂದೇ ದಿನದ ಸಾಲಿನಿಂದ ತೀರ್ಮಾನಿಸುವುದು ವಿಜ್ಞಾನವಲ್ಲ. ಹೀಗೆ ಒಂದೊಂದನ್ನೇ ಬಿಡುತ್ತ ಹೋದರೆ ಮಗುವಿನ ತಟ್ಟೆಯಲ್ಲಿ ಅನ್ನ ಮಾತ್ರ ಉಳಿದೀತು. ಮತ್ತೆ ಮತ್ತೆ ಕಂಡದ್ದನ್ನು ವೈದ್ಯರಿಗೆ ತೋರಿಸಬೇಕು, ಔಷಧಿಯನ್ನು ಪುಸ್ತಕ ನೋಡಿ ತಾನೇ ಬದಲಿಸಬಾರದು. ಇನ್ನೊಂದು, ಹಗಲಿಡೀ ತನ್ನ ಮೈಯನ್ನೇ ನೋಡಿಕೊಳ್ಳುತ್ತ ಕೂರುವ ಸ್ವಭಾವ ಕೆಲವರಲ್ಲಿ ಬೆಳೆಯುತ್ತದೆ. ಡಾರ್ವಿನ್ ಐದೂವರೆ ವರ್ಷದ ಮೇಲೆ ಆರೋಗ್ಯದ ಡೈರಿ ನಿಲ್ಲಿಸಿದ, ಕೆಲಸದ ಕಡತಗಳನ್ನು ನಿಲ್ಲಿಸಲಿಲ್ಲ. ಇನ್ಸುಲಿನ್ ಅಳತೆಯಂಥ ಲೆಕ್ಕವನ್ನು ಬಿಡುವಂತಿಲ್ಲ. ಉಳಿದವರು ಎಡಪುಟ ಭಾರವಾಯಿತೆನಿಸಿದರೆ ದಿನಕ್ಕೊಂದು ಗುರುತಿಗೆ ಇಳಿಸಬಹುದು.

ಮೊಬೈಲಿನಲ್ಲಿಯೇ ಬರೆದುಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅಪ್ಪನ ಜೊತೆ ಹೊಲಕ್ಕೆ ಹೋಗಿ ಸಂಜೆ ಬರುವ ಫೋನಿನಲ್ಲಿ ಮಧ್ಯಾಹ್ನದ ತಲೆನೋವನ್ನು ಬರೆಯುವುದು ಹೇಗೆ? ತಲೆನೋವಿದ್ದಾಗ ಆ ಬೆಳಕನ್ನು ನೋಡುವುದಾದರೂ ಹೇಗೆ? ಹಾಸಿಗೆಯ ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ಲಿನೊಡನೆ ಬಿದ್ದಿರುವ ಪುಸ್ತಕಕ್ಕೆ ಚಾರ್ಜು ಬೇಕಾಗಿಲ್ಲ.

ಪಾಲಕರು ಇದರಲ್ಲಿ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಪುಸ್ತಕವನ್ನು ರಾತ್ರಿ ತೆಗೆದು ಬಲಪುಟದ ಶಿಲ್ಕನ್ನು ಬೆರಳಿಟ್ಟು ತೋರಿಸಿ ಬೈಯತೊಡಗಿದ ದಿನ ಮಗು ಸುಳ್ಳು ಲೆಕ್ಕ ಬರೆಯಲು ಕಲಿಯುತ್ತದೆ. ಚುಕ್ಕೆಯ ದಿನವೂ ಜೋಡಿ ಗೆರೆ ಬೀಳುತ್ತದೆ. ಸುಳ್ಳು ಕಿರ್ದಿಯಿಂದ ಅಂಗಡಿಯೇ ಮುಳುಗುತ್ತದೆ, ಇಲ್ಲಿ ಮುಳುಗುವುದು ಅಂಗಡಿಯಲ್ಲ.

ಹೊಸ ನೋಟ್‌ಬುಕ್ಕಿಗೆ ಖರ್ಚೇನೂ ಹೆಚ್ಚಿಲ್ಲ. ಡಿಸೆಂಬರ್ ಕೊನೆಗೆ ಗೋಡೆಯಿಂದ ಇಳಿಸಿದ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನು ಎಸೆಯುವ ಪದ್ಧತಿ ನಮ್ಮ ಕಡೆ ಇಲ್ಲ, ಮಕ್ಕಳ ಪುಸ್ತಕಕ್ಕೆ ಅವೇ ಹೊದಿಕೆ. ಬಿಳಿಯ ಮಗ್ಗುಲು ಹೊರಗೆ, ಹಾಲಿನ ಗೀಟು, ತೇರಿನ ಸುತ್ತುಗಳೆಲ್ಲ ಒಳಗೆ. ಹೊದಿಕೆ ಹಾಕಿದ ಮೇಲೆ ಮೊದಲ ಪುಟ ತೆರೆದು ಸ್ಕೇಲಿನಿಂದ ಗೆರೆ ಎಳೆದು, ಬಲಪುಟದ ತಲೆಯಲ್ಲಿ ಹಿಂದಿನ ಪುಸ್ತಕದಿಂದ ತಂದ ಶಿಲ್ಕು ಬರೆಯಬೇಕು: ತ್ರಿಕೋನಮಿತಿ, ಮೂರು ಲೆಕ್ಕ.